ನಿನ್ನೆಯ ಬ್ರೆಡ್ಡಿಗೆ ಇವತ್ತಿನ ಒಗ್ಗರಣೆ

ಹಾಸನದಲ್ಲಿ ಮಳೆ ಹಿಡಿಯಿತು ಅಂದ್ರೆ ದೋಸೆ ಹಿಟ್ಟನ್ನು ನಂಬುವ ಹಾಗಿಲ್ಲ. ರಾತ್ರಿಯ ಥಂಡಿಗೆ ಹುಳಿ ಬಂದಿರುವುದಿಲ್ಲ, ಬೆಳಗ್ಗೆ ಪಾತ್ರೆಯ ಮುಚ್ಚಳ ತೆಗೆದರೆ ಇಟ್ಟಲ್ಲೇ ಇರುತ್ತದೆ. ಮಕ್ಕಳ ಸ್ಕೂಲ್ ವ್ಯಾನ್ ಬರಲು ಇನ್ನು ಮುಕ್ಕಾಲು ಗಂಟೆ. ಅಂಥ ಹೊತ್ತಿಗೆ ಯಾರಿಗೋ ಜ್ವರ ಅಂತ ತಂದು, ಅರ್ಧ ತಿಂದು ಬಿಟ್ಟ ಬ್ರೆಡ್ ಕಣ್ಣಿಗೆ ಬಿದ್ದರೆ ತಿಂಡಿಯ ಚಿಂತೆ ಮುಗಿದ ಹಾಗೆ. 20 ನಿಮಿಷದಲ್ಲಿ ಬ್ರೆಡ್ ಉಪ್ಪಿಟ್ಟು ತಟ್ಟೆಗೆ ಬರುತ್ತದೆ.

ಮೂರು ಜನಕ್ಕೆ 8 ಸ್ಲೈಸ್ ಬೇಕು. ಜೊತೆಗೆ 2 ಈರುಳ್ಳಿ, 1 ದೊಡ್ಡ ಟೊಮೆಟೊ, 3 ಹಸಿಮೆಣಸಿನಕಾಯಿ, ಚೂರು ಶುಂಠಿ, ಒಂದು ಹಿಡಿ ಕಡಲೆಕಾಯಿ ಬೀಜ, ಅರ್ಧ ನಿಂಬೆಹಣ್ಣು, ಕೊತ್ತಂಬರಿ ಸೊಪ್ಪು, ಸ್ವಲ್ಪ ತೆಂಗಿನ ತುರಿ. ಒಗ್ಗರಣೆಗೆ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕರಿಬೇವು, ಅರಿಶಿನ ಮನೆಯಲ್ಲಿ ಇದ್ದೇ ಇರುತ್ತವೆ.

ಮೊದಲು ಬ್ರೆಡ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮಳೆಗಾಲದಲ್ಲಿ ಬೂಷ್ಟು ಬೇಗ ಬರುತ್ತದೆ. ಒಂದು ಕಡೆ ಹಸಿರು ಚುಕ್ಕೆ ಕಂಡರೂ ಅಷ್ಟನ್ನೇ ಕಿತ್ತು ಉಳಿದದ್ದನ್ನು ಬಳಸಬೇಡಿ. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಹರಡಿರುತ್ತವೆ. ಇಡೀ ಪ್ಯಾಕೆಟ್ ಎಸೆಯಿರಿ, ಇಲ್ಲಿ ಜುಗ್ಗತನ ಬೇಡ.

ಒಣಗಿದ ಬ್ರೆಡ್ಡಿಗೆ ಮಾತ್ರ ಹೆದರಬೇಕಿಲ್ಲ. ಈ ತಿಂಡಿಗೆ ಅದೇ ಬೇಕು. ಹೊಸ ಬ್ರೆಡ್ ಮೆತ್ತಗಿದ್ದು, ಮಸಾಲೆಗೆ ಬಿದ್ದ ಕೂಡಲೇ ಕಲಸಿಹೋಗುತ್ತದೆ. ದಿನ ಕಳೆದ ಹಾಗೆ ಅದರೊಳಗಿನ ಪಿಷ್ಟ ಬಿಗಿಯಾಗುತ್ತದೆ, ತುಂಡು ತುಂಡಾಗಿಯೇ ನಿಲ್ಲುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಹೊರಗಿಗಿಂತ ಬೇಗ ಗಟ್ಟಿಯಾಗುತ್ತದೆ, ಬೂಷ್ಟೂ ತಡವಾಗುತ್ತದೆ. ಹಾಗಾಗಿ ಉಳಿದದ್ದನ್ನು ಹಿಂದಿನ ದಿನವೇ ಫ್ರಿಜ್ಜಿಗೆ ಸೇರಿಸಿಬಿಡಿ.

ಅಂಚು ತೆಗೆಯದೆ ಒಂದಿಂಚಿನ ತುಂಡು ಮಾಡಿ. ಬಾಂಡ್ಲಿಗೆ ಒಂದು ಚಮಚ ತುಪ್ಪ ಹಾಕಿ, ಸಣ್ಣ ಉರಿಯಲ್ಲಿ 5 ನಿಮಿಷ ಹುರಿಯಿರಿ. ಸೌಟು ಆಡಿಸುವಾಗ ಮೊದಲು ಸದ್ದೇ ಇರುವುದಿಲ್ಲ. ಆಮೇಲೆ ತುಂಡುಗಳು ಬಾಂಡ್ಲಿಗೆ ತಾಗಿ ಗರಗರ ಅನ್ನಲು ಶುರುವಾಗುತ್ತದೆ. ಆ ಸದ್ದು ಬಂದಾಗ ತಟ್ಟೆಗೆ ತೆಗೆದಿಡಿ.

ಅದೇ ಬಾಂಡ್ಲಿಗೆ 3 ಚಮಚ ಎಣ್ಣೆ. ಕಡಲೆಕಾಯಿ ಬೀಜ ಹುರಿದು ತೆಗೆದಿಟ್ಟು, ಸಾಸಿವೆ ಸಿಡಿಸಿ, ಬೇಳೆಗಳು ಕೆಂಪಾದ ಮೇಲೆ ಕರಿಬೇವು, ಮೆಣಸಿನಕಾಯಿ, ಶುಂಠಿ, ಈರುಳ್ಳಿ ಹಾಕಿ. ಈರುಳ್ಳಿ ಮೆತ್ತಗಾದರೆ ಸಾಕು. ನಂತರ ಟೊಮೆಟೊ, ಅರಿಶಿನ, ಉಪ್ಪು. ಬ್ರೆಡ್ಡಿನಲ್ಲೇ ಉಪ್ಪಿರುವುದರಿಂದ ಕೈ ಹಿಡಿದು ಹಾಕಿ.

ಇನ್ನು ನೀರಿನ ವಿಷಯ. ಎಲ್ಲಾ ಇರುವುದು ಇಲ್ಲೇ. ಉಪ್ಪಿಟ್ಟು ಅಂದ್ರೆ ನೀರು ಬೇಕು ಅಂತ ನಾನು ಮೊದಲ ಸಲ ಅರ್ಧ ಲೋಟ ಸುರಿದಿದ್ದೆ, ಎಲ್ಲಾ ಸೇರಿ ಮುದ್ದೆಯಾಯಿತು. ರವೆ ಬೇಯಬೇಕು, ಅದಕ್ಕೆ ನೀರು. ಬ್ರೆಡ್ ಬೇಕರಿಯಲ್ಲೇ ಬೆಂದು ಬಂದಿದೆ, ಅಲ್ವಾ? ಟೊಮೆಟೊ ಬಿಟ್ಟ ರಸವೇ ಅದಕ್ಕೆ ಸಾಕು. ಟೊಮೆಟೊ ಕರಗಿ ಇನ್ನೂ ಪಸೆ ಇರುವಾಗಲೇ ಬ್ರೆಡ್ ಸೇರಿಸಿ, ಪೂರ್ತಿ ಒಣಗಲು ಬಿಡಬೇಡಿ. ಮಸಾಲೆ ತೀರಾ ಒಣಗಿದೆ ಅನ್ನಿಸಿದರೆ 2 ಚಮಚ ಮಜ್ಜಿಗೆಯನ್ನು ಮಸಾಲೆಗೆ ಹಾಕಿ, ಬ್ರೆಡ್ ಮೇಲೆ ಚಿಮುಕಿಸಬೇಡಿ.

ಒಂದೆರಡು ನಿಮಿಷ ಮೆಲ್ಲಗೆ ಮಗುಚಿ ಒಲೆ ಆರಿಸಿ. ಆಮೇಲೆ ನಿಂಬೆರಸ, ಕಡಲೆಕಾಯಿ ಬೀಜ, ಕೊತ್ತಂಬರಿ, ತೆಂಗಿನ ತುರಿ. ಮುಚ್ಚಳ ಮುಚ್ಚಬೇಡಿ, ಹಬೆಯ ನೀರು ಬಿದ್ದು ಗರಿ ಹೋಗುತ್ತದೆ.

ನಮ್ಮ ಕಡೆಯ ಬೇಕರಿ ಬ್ರೆಡ್ಡಿಗೆ ಸಿಹಿ ಒಂದಿಷ್ಟು ಜಾಸ್ತಿ. ಬೆಂಗಳೂರಿನ ಎಷ್ಟೋ ಅಯ್ಯಂಗಾರ್ ಬೇಕರಿಗಳ ಮನೆತನದ ಬೇರು ಇದೇ ಹಾಸನ ಸೀಮೆಯಲ್ಲಿದೆ, ಆ ಸಿಹಿ ರುಚಿ ನಮಗೆ ಚಿಕ್ಕಂದಿನಿಂದ ಗೊತ್ತು. ಅಂಥ ಬ್ರೆಡ್ಡಾದರೆ ಒಂದು ಮೆಣಸಿನಕಾಯಿ ಹೆಚ್ಚಿಗೆ ಹಾಕಿ, ನಿಂಬೆಯನ್ನೂ ಧಾರಾಳವಾಗಿ ಹಿಂಡಿ.

ಡಬ್ಬಿಗೆ ಕಟ್ಟುವುದಾದರೆ ಬ್ರೆಡ್ಡನ್ನು ಇನ್ನೂ 2 ನಿಮಿಷ ಹುರಿದು, ಬಿಸಿ ಆರಿದ ಮೇಲೆ ತುಂಬಿ. ಮಳೆ ಕಳೆದು ಅವರೆಕಾಯಿ ಕಾಲ ಬಂದಾಗ ಬೇಯಿಸಿದ ಅವರೆಕಾಳು ಒಂದು ಹಿಡಿ ಟೊಮೆಟೊ ಜೊತೆಗೆ ಹಾಕಿ ನೋಡಿ. ಆಗ 6 ಸ್ಲೈಸಿನಲ್ಲೇ ಮೂವರಿಗೂ ಹೊಟ್ಟೆ ತುಂಬುತ್ತದೆ.