ಮಸ್ಟಾಂಗ್ ಸ್ಟೀರಿಂಗಿನ ನಕಲಿ ಮರದ ಗೆರೆ

1966ರ ಫೋರ್ಡ್ ಮಸ್ಟಾಂಗಿನ ಡೀಲಕ್ಸ್ ಸ್ಟೀರಿಂಗ್ ನೋಡಿದವರು ಅದನ್ನು ಮರ ಅಂತಲೇ ಅಂದುಕೊಳ್ಳುತ್ತಾರೆ. ಆದರೆ ಒಳಗಿರುವುದು ಲೋಹದ ಬಳೆ, ಅದರ ಸುತ್ತ ಅಚ್ಚು ಹಾಕಿದ ಗಟ್ಟಿ ಪ್ಲಾಸ್ಟಿಕ್. ಮೇಲೆ ವಾಲ್‌ನಟ್ ಮರದಂತೆ ಕಾಣುವ ಗೆರೆ, ಬಣ್ಣ.

ಗೆಳೆಯರೊಬ್ಬರ ಕಾರಿನದು ನನ್ನ ಕೈಗೆ ಬಂದಾಗ ಕೈ ಹಿಡಿಯುವ ಜಾಗದಲ್ಲಿ ಬಣ್ಣ ಸವೆದು ಹೋಗಿತ್ತು. ಕಡ್ಡಿಗಳು ಸೇರುವ ಕಡೆ ಬಿರುಕು. ವಯಸ್ಸಾದಂತೆ ಪ್ಲಾಸ್ಟಿಕ್ ಕುಗ್ಗುತ್ತದೆ, ಒಳಗಿನ ಲೋಹ ಕುಗ್ಗುವುದಿಲ್ಲ, ಅದಕ್ಕೇ ಸೀಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕಾರಿನ ಅಂಗಡಿಗಳಲ್ಲಿ ಕೇಳಿದರೆ "ಸುಮ್ನೆ ಲೆದರ್ ಕವರ್ ಹೊಲಿಸಿಬಿಡಿ ಸಾರ್" ಅಂದರು. ತೇಗದಲ್ಲಿ ಹೊಸದೇ ಮಾಡಿಸಿ ಅಂತ ಇನ್ನೊಬ್ಬರ ಸಲಹೆ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಈ ಕಾರಿಗೆ ನಕಲಿ ಮರವೇ ಅಸಲಿ, ಅಲ್ವಾ?

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದೆ. ಶಾಫ್ಟಿಗೂ ಸ್ಟೀರಿಂಗಿಗೂ ಸೇರಿಸಿ ಒಂದು ಗುರುತು ಹಾಕಿದೆ. ಪುಲ್ಲರ್ (ಸ್ಟೀರಿಂಗನ್ನು ಶಾಫ್ಟಿನಿಂದ ಎಳೆದು ತೆಗೆಯುವ ಸಾಧನ) ಹಾಕಿಯೇ ಎಳೆಯಬೇಕು. ಸುತ್ತಿಗೆಯಲ್ಲಿ ಬಡಿದರೆ ಪೆಟ್ಟು ನೇರ ಕೆಳಗಿನ ಬೇರಿಂಗಿಗೆ ಹೋಗುತ್ತದೆ.

ಬಿರುಕನ್ನು ಸಣ್ಣ ಗರಗಸದ ಬ್ಲೇಡಿನಿಂದ ವಿ ಆಕಾರಕ್ಕೆ ಅಗಲ ಮಾಡಿ ಎಪಾಕ್ಸಿ ಅಂಟು ತುಂಬಿದೆ. ಬರೀ ಮೇಲೆ ಮೆತ್ತಿದರೆ ನಿಲ್ಲುವುದಿಲ್ಲ. ಆಮೇಲೆ ಉಪ್ಪುಕಾಗದದ ಕೆಲಸ. ಇಲ್ಲಿ ಅವಸರ ಬೇಡವೇ ಬೇಡ. ಅಚ್ಚಿನಲ್ಲೇ ಬಂದ ಸಣ್ಣ ಗೆರೆಗಳು ಒಮ್ಮೆ ಅಳಿಸಿದರೆ ಹೋದವು. ಎಪಾಕ್ಸಿ ತುಂಬಿದ ಜಾಗವನ್ನು ಮಾತ್ರ 180 ನಂಬರಿನ ಒರಟು ಕಾಗದದಲ್ಲಿ ಮಟ್ಟ ಮಾಡಿದೆ. ಉಳಿದ ಕಡೆ ಅದಕ್ಕಿಂತ ನಯವಾದ 400ರ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹಗುರವಾಗಿ, ಗೆರೆ ಹೋದ ದಿಕ್ಕಿನಲ್ಲೇ ಉಜ್ಜಿದೆ. ತುಂಬಿದ ಜಾಗಕ್ಕೆ ಹೊಸ ಗೆರೆ ಬೇಕಲ್ಲ, ಅದಕ್ಕೆ ಬ್ಲೇಡಿನ ಹಲ್ಲನ್ನು ಮೆಲ್ಲಗೆ ಉದ್ದಕ್ಕೆ ಎಳೆದೆ. ಪಕ್ಕದ ಗೆರೆಗೆ ಕೂಡುವ ಹಾಗೆ, ಒಂದಕ್ಕೊಂದು ಸಮ ಇಲ್ಲದ ಹಾಗೆ.

ಪ್ಲಾಸ್ಟಿಕ್ ಪ್ರೈಮರ್ ಆದ ಮೇಲೆ ತಿಳಿ ಕಂದು ಬಣ್ಣ ಹೊಡೆದೆ. ಬಣ್ಣ ಹೊಂದಿಸಲು ಕಾರಿನ ಡ್ಯಾಶ್‌ಬೋರ್ಡಿನಲ್ಲಿರುವ, ಮರದಂತೆ ಕಾಣುವ ಪಟ್ಟಿಯನ್ನೇ ಎದುರಿಗೆ ಇಟ್ಟುಕೊಂಡೆ. ನಮ್ಮ ಕಣ್ಣಿಗೆ ಬೀಟೆ ಮರ ರೂಢಿ, ಕೈ ತಾನಾಗಿ ಕಪ್ಪು ಕೆಂಪಿನ ಕಡೆ ಹೋಗುತ್ತದೆ. ವಾಲ್‌ನಟ್ ಅಷ್ಟು ಕಪ್ಪಲ್ಲ. ಒಣಗಿದ ಮೇಲೆ ಚಿತ್ರಕಾರರು ಬಳಸುವ ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದು ಆಯಿಲ್ ಬಣ್ಣವನ್ನು ಬಟ್ಟೆಯಿಂದ ಗೆರೆಯೊಳಗೆ ತೀಡಿ, ಮೇಲಿನದನ್ನು ಒರೆಸಿ ತೆಗೆದೆ. ಜಾಸ್ತಿ ಒರೆಸಿದರೆ ಬರೀ ಪ್ಲಾಸ್ಟಿಕ್, ಕಡಿಮೆ ಒರೆಸಿದರೆ ಕೊಳೆ. ಬೆಳಕನ್ನು ಅಡ್ಡಕ್ಕೆ ಬೀಳಿಸಿಕೊಂಡು ಚೂರು ಚೂರೇ ನೋಡಿ ಮಾಡಬೇಕು. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಆಯಿಲ್ ಬಣ್ಣ ಪೂರ್ತಿ ಒಣಗದೆ ಕ್ಲಿಯರ್ (ಮೇಲಿನ ಪಾರದರ್ಶಕ ಕೋಟ್) ಹೊಡೆದರೆ ಸುಕ್ಕು ಬರುತ್ತದೆ. ಬೆಂಗಳೂರಿನ ಮಳೆಗಾಲದ ತಂಡಿಗೆ ಒಣಗೋದು ಇನ್ನೂ ನಿಧಾನ. ಹಾಗಾಗಿ ಬಿಸಿಲು ಬರುವ ತನಕ ಕಾದೆ. ಆಮೇಲೆ 2ಕೆ ಕ್ಲಿಯರ್, ಅಂದರೆ ಹಾರ್ಡನರ್ ಬೆರೆಸಿ ಗಟ್ಟಿಯಾಗಿಸುವ ಕ್ಲಿಯರ್; ಮೊದಲ ಕೋಟ್ ತೀರಾ ತೆಳು. ಇದರ ಹಾರ್ಡನರ್‌ನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಉಸಿರಿಗೆ ಕೆಟ್ಟದ್ದು. ಬಟ್ಟೆ ಮಾಸ್ಕ್ ಸಾಲದು, ಪೇಂಟರುಗಳು ಹಾಕುವ ರೆಸ್ಪಿರೇಟರ್ ಬೇಕು.

ಮತ್ತೆ ಕೂರಿಸುವಾಗ ಗುರುತಿಗೆ ಗುರುತು ಸೇರಿಸಿ ನಟ್ ಬಿಗಿ ಮಾಡಿ, ಹಾರ್ನ್ ನೋಡಿದೆ. ಗೆಳೆಯರಿಗೆ ಹೇಳಿದ್ದು ಇಷ್ಟೇ: ಒದ್ದೆ ಬಟ್ಟೆಯಲ್ಲಿ ಒರೆಸಿ, ಸಿಲಿಕಾನ್ ಪಾಲಿಶ್ ಮುಟ್ಟಿಸಬೇಡಿ. ಅದು ಹತ್ತಿದ ಜಾಗಕ್ಕೆ ಮುಂದೆ ಬಣ್ಣ ಕೂರುವುದಿಲ್ಲ.