ಈಡು ಹೊಡೆದ ಮೇಲೆ ಅರ್ಧ ಗಂಟೆ ಕೂತಿರಿ

ನವೆಂಬರ್ ಕೊನೆಗೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಳ್ಳಿ ಕಡೆ ಹೋದರೆ ಪೆಟ್ರೋಲ್ ಬಂಕಿನಲ್ಲಿ, ಹೋಟೆಲಿನಲ್ಲಿ, ಎಲ್ಲರ ಮೈಮೇಲೂ ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ಹಾಕುವ ಕಿತ್ತಳೆ ಬಣ್ಣ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಕೋವಿಯ ಜಿಂಕೆ ಬೇಟೆ ಶುರುವಾಗುತ್ತದೆ. ಒಂಬತ್ತು ದಿನ ನಡೆಯುತ್ತದೆ. ನಮ್ಮ ಊರುಗಳಲ್ಲಿ 1972ರ ವನ್ಯಜೀವಿ ಕಾಯ್ದೆ ಶಿಕಾರಿಯನ್ನು ನಿಲ್ಲಿಸಿತು, ಅದು ನಿಂತದ್ದೇ ಒಳ್ಳೆಯದಾಯಿತು. ಇಲ್ಲಿ ಬಿಳಿಬಾಲದ ಜಿಂಕೆ ಹೊಲಕ್ಕೂ ರಸ್ತೆಗೂ ನುಗ್ಗುವಷ್ಟು ಜಾಸ್ತಿ. ಹಾಗಾಗಿ ಲೈಸೆನ್ಸ್ ಕೊಟ್ಟು, ಲೆಕ್ಕ ಇಟ್ಟು ಬೇಟೆಗೆ ಬಿಡುತ್ತಾರೆ. ನಮ್ಮ ಗುಂಪಿಗೆ ವರ್ಷಕ್ಕೆ ಒಬ್ಬಿಬ್ಬರು ಹೊಸಬರು ಸೇರುತ್ತಾರೆ. ಅವರು ಎಡವುವುದು ಗುರಿಯಲ್ಲಿ ಅಲ್ಲ. ಗುಂಡು ಹಾರಿಸಿದ ಮೇಲೆ.

ಮೊದಲು ಕಾಗದ ಪತ್ರ. 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ಬೇಸಿಗೆಯಲ್ಲೇ ಮುಗಿಸಿಬಿಡಿ. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಇಲ್ಲಿ ಜಾಗ್ರತೆ. ಅಂಥವರು ಕೋವಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ಊರ್ಜಿತ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆದರೂ ವಕೀಲರನ್ನು ಒಮ್ಮೆ ಕೇಳದೆ ಗೆಳೆಯನ ಕೋವಿಯನ್ನೂ ಮುಟ್ಟಬೇಡಿ.

ಕೋವಿಯ ಗುರಿಯನ್ನು ಅಕ್ಟೋಬರ್‌ನಲ್ಲೇ 100 ಗಜಕ್ಕೆ ಹೊಂದಿಸಿಕೊಳ್ಳಿ. ತಾಮ್ರದ ಗುಂಡನ್ನೇ ಕೊಳ್ಳಿ. ಸೀಸದ್ದು ಒಳಗೆ ಚೂರುಚೂರಾಗಿ ಮಾಂಸದಲ್ಲಿ ಉಳಿಯುತ್ತದೆ, ಅದನ್ನು ಮನೆಯಲ್ಲಿ ಮಕ್ಕಳೂ ತಿನ್ನುತ್ತಾರೆ ಅಲ್ವಾ?

ಬಟ್ಟೆ: ಹತ್ತಿ ಬೇಡ, ಜೀನ್ಸ್ ಬೇಡವೇ ಬೇಡ. ಒಳಗೆ ಉಣ್ಣೆ, ಮೇಲೆ ಕಿತ್ತಳೆ. ದಪ್ಪ ಜಾಕೆಟ್ಟನ್ನು ಬ್ಯಾಗಿಗೆ ಕಟ್ಟಿಕೊಂಡು ನಡೆಯಿರಿ, ಜಾಗ ಸೇರಿದ ಮೇಲೆ ಹಾಕಿಕೊಳ್ಳಿ. ಬೆವತು ಕೂತವರು ಎಂಟು ಗಂಟೆಗೆಲ್ಲ ನಡುಗುತ್ತಾ ಕಾರಿಗೆ ವಾಪಸ್ ಬರುತ್ತಾರೆ. ಎರಡು ಜೊತೆ ಕಾಲುಚೀಲ ಹಾಕಿ ಬೂಟು ಬಿಗಿ ಮಾಡಿಕೊಂಡರೂ ಅಷ್ಟೇ, ರಕ್ತ ಓಡದೆ ಬೆರಳು ಮರಗಟ್ಟುತ್ತವೆ.

ಹೀಗೆ ಜಿಂಕೆಗಾಗಿ ಕಾಯುತ್ತಾ ಕೂರುವುದನ್ನು ಮಲೆನಾಡಿನ ಹಳಬರು ಮರಸು ಎನ್ನುತ್ತಿದ್ದರು. ಮರದ ಮೇಲೆ ಅಟ್ಟಣೆಯಾದರೆ ಹತ್ತುವಾಗಲೇ ಬೆಲ್ಟ್ ಹಾಕಿಕೊಂಡಿರಬೇಕು. ಖಾಲಿ ಕೋವಿಯನ್ನು ಆಮೇಲೆ ಹಗ್ಗದಲ್ಲಿ ಎಳೆದುಕೊಳ್ಳಿ. ಗಾಳಿ ನಿಮ್ಮ ಮುಖಕ್ಕೆ ಬೀಸುತ್ತಿರಬೇಕು. ಅದನ್ನು ನೋಡಲು ನಮ್ಮ ಎಕ್ಕದ ಸಂಬಂಧಿಯಾದ ಮಿಲ್ಕ್‌ವೀಡ್ ಕಾಯಿ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಅದರೊಳಗಿನ ಹತ್ತಿಯಂಥ ಎಳೆ ಒಂದನ್ನು ಗಾಳಿಗೆ ಬಿಟ್ಟರೆ ಸಾಕು, ನಿಮ್ಮ ವಾಸನೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ವಾಸನೆ ಮುಚ್ಚುವ ಸ್ಪ್ರೇ, ಜಿಂಕೆ ಮೂತ್ರದ ಬಾಟಲಿ ಇವೆಲ್ಲ ಸುಮ್ನೆ ದುಡ್ಡು ದಂಡ. ಸೋವು ಬೇಟೆ, ಅಂದರೆ ಕೆಲವರು ಓಡಿಸಿ ಕೆಲವರು ಕಾಯುವುದು, ಹೊಸಬರಿರುವ ಗುಂಪಿಗೆ ಬೇಡ. ಮನುಷ್ಯರ ಕಡೆಗೆ ಕೋವಿ ತಿರುಗುವುದು ಅಲ್ಲೇ.

ಜಿಂಕೆ ಅಡ್ಡಡ್ಡ ನಿಂತಾಗ ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಹೊಡೆಯಿರಿ. ಬೇರೆ ಯಾವ ಭಂಗಿಗೂ ಹೊಸಬರು ಹೊಡೆಯಬಾರದು.

ಈಗ ಅಸಲು ಕೆಲಸ. ಏಳಬೇಡಿ. ಅದು ನಿಂತಿದ್ದ ಜಾಗ, ಕೊನೆಗೆ ಕಂಡ ಜಾಗ, ಎರಡನ್ನೂ ಯಾವುದಾದರೂ ಮರದ ಗುರುತಿನಿಂದ ನೆನಪಿಟ್ಟುಕೊಳ್ಳಿ. ಗಡಿಯಾರ ನೋಡಿ ಅರ್ಧ ಗಂಟೆ ಕೂತಿರಿ. ಗಾಯವಾದ ಜಿಂಕೆ ಯಾರೂ ಅಟ್ಟದಿದ್ದರೆ ಹತ್ತಿರದಲ್ಲೇ ಮಲಗುತ್ತದೆ. ಅಟ್ಟಿದರೆ ಮೈಲಿಗಟ್ಟಲೆ ಓಡುತ್ತದೆ. ನನ್ನ ಎರಡನೇ ವರ್ಷ ನಾನು ಐದು ನಿಮಿಷವೂ ತಡೆಯದೆ ಇಳಿದು ಹೋದೆ. ಮಲಗಿದ್ದದ್ದು ಎದ್ದು ಜೌಗಿನೊಳಗೆ ಹೋಯಿತು. ಮಾರನೇ ಬೆಳಿಗ್ಗೆ ಸಿಕ್ಕಾಗ ಕಯೋಟಿಗಳು, ಅಂದರೆ ಇಲ್ಲಿನ ಸಣ್ಣ ತೋಳಗಳು, ಅರ್ಧ ತಿಂದಿದ್ದವು. ಆ ಜೀವ ಅಷ್ಟು ಹೊತ್ತು ಪಟ್ಟ ಪಾಡು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ಹೋಗಿ ರಕ್ತ ನೋಡಿ. ಗುಲಾಬಿ ಬಣ್ಣ, ಸಣ್ಣ ಸಣ್ಣ ಗುಳ್ಳೆ ಇದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಸಾಮಾನ್ಯವಾಗಿ ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪುಗೆಂಪು ಇದ್ದರೆ ಈಲಿ, ಅಂದರೆ ಲಿವರ್. ಸದ್ದಿಲ್ಲದೆ ಹಿಂದೆ ಬಂದು ನಾಲ್ಕು ಗಂಟೆ ಬಿಡಿ. ಹಸಿರು ಚೂರು, ಕೆಟ್ಟ ವಾಸನೆ ಇದ್ದರೆ ಹೊಟ್ಟೆ. ಎಂಟು ಗಂಟೆಯಾದರೂ ಕಾಯಲೇಬೇಕು. ಜಾಡು ಹಿಡಿದು ಹೋಗುವಾಗ ರಕ್ತ ಕಂಡಲ್ಲೆಲ್ಲ ಟಾಯ್ಲೆಟ್ ಪೇಪರ್ ಚೂರು ಇಡಿ. ಜಾಡು ತಪ್ಪಿದರೆ ತಿರುಗಿ ನೋಡಿ. ಬಿಳಿ ಚೂರುಗಳ ಸಾಲು ಅದು ಹೋದ ದಿಕ್ಕನ್ನು ತೋರಿಸುತ್ತದೆ. ರಕ್ತದ ಮೇಲೆ ಕಾಲಿಡಬೇಡಿ, ಪಕ್ಕದಲ್ಲಿ ನಡೆಯಿರಿ. ಎಲ್ಲರೂ ಒಟ್ಟಿಗೆ ನುಗ್ಗುವುದೂ ಬೇಡ, ಇಬ್ಬರು ಸಾಕು. ಸಿಕ್ಕಾಗ ಬೆನ್ನ ಕಡೆಯಿಂದ ಹೋಗಿ ಉದ್ದ ಕೋಲಿನಿಂದ ಕಣ್ಣು ಮುಟ್ಟಿ. ರೆಪ್ಪೆ ಮಿಟುಕದಿದ್ದರೆ ಮಾತ್ರ ಕೋವಿಯೊಳಗಿನ ಗುಂಡು ಹೊರಗೆ ತೆಗೆಯಿರಿ.

ಕೈಗವಸು ಹಾಕಿಕೊಳ್ಳಿ. ಮೂರೂವರೆ ಇಂಚಿನ ಹರಿತ ಚಾಕು ಸಾಕು, ಕೊಕ್ಕೆ ಇರುವ ದುಬಾರಿ ಚಾಕು ಕೂದಲಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಗಾತ ಮಲಗಿಸಿ, ತಲೆ ಎತ್ತರದ ಕಡೆ ಇರಲಿ. ಎದೆಮೂಳೆಯ ಕೆಳಗೆ ಸಣ್ಣ ತೂತು ಮಾಡಿ ಎರಡು ಬೆರಳು ಒಳಗಿಡಿ. ಬೆರಳುಗಳ ನಡುವೆ ಚಾಕು, ಅದರ ಬಾಯಿ ಆಕಾಶಕ್ಕೆ. ಬೆರಳು ಕರುಳನ್ನು ಕೆಳಗೆ ಒತ್ತುತ್ತಾ ಹೋಗುತ್ತದೆ, ಚಾಕು ಚರ್ಮವನ್ನು ಮಾತ್ರ ಸೀಳುತ್ತದೆ. ಇಲ್ಲಿ ಆತುರಪಟ್ಟು ಹೊಟ್ಟೆ ಒಡೆದವರನ್ನು ಬೇಕಾದಷ್ಟು ನೋಡಿದ್ದೇನೆ. ಗುದದ ಸುತ್ತ ಕೊಯ್ದು ದಾರ ಕಟ್ಟಿ. ಮೂತ್ರಕೋಶವನ್ನು ಹಿಂಡಬೇಡಿ. ಎದೆಗೂ ಹೊಟ್ಟೆಗೂ ನಡುವಿನ ಪರೆಯಾದ ವಪೆ ಕೊಯ್ದು, ಒಳಗೆ ಕೈ ಹಾಕಿ ಶ್ವಾಸನಾಳ ಕತ್ತರಿಸಿ ಎಳೆದರೆ ಎಲ್ಲಾ ಒಟ್ಟಿಗೆ ಬರುತ್ತದೆ. ಬೋರಲು ಹಾಕಿ ರಕ್ತ ಸೋರಲು ಬಿಡಿ. ಎದೆಗೂಡಿಗೆ ಕಡ್ಡಿ ಕೊಟ್ಟು ಗಾಳಿ ಆಡಿಸಿ. ಹೊರಗೆ 4 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಒಳಗೆ ಐಸ್ ಚೀಲ ತುಂಬಿ. ಅದನ್ನು ಕಾರಿನ ಮೇಲೆ ಕಟ್ಟಿಕೊಂಡು ಬಿಸಿಲಿನಲ್ಲಿ ಊರೆಲ್ಲ ಸುತ್ತಿಸಬೇಡಿ.

ಜಿಂಕೆ ಸಿಕ್ಕ ಮಾರನೇ ದಿನ ಸಂಜೆ 5ರೊಳಗೆ ಅದನ್ನು ಫೋನಿನಲ್ಲೋ ಆನ್‌ಲೈನಿನಲ್ಲೋ ನೋಂದಾಯಿಸಿ.

ಕ್ಯಾಬಿನ್ನಿಗೆ ಬಂದ ಮೇಲೆ ಕೋವಿಗಳಿಗೆ ಬೀಗ, ಆಮೇಲೆಯೇ ಬಿಯರ್. ಪಾಲು ಹಾಕುವುದು ನಮ್ಮಲ್ಲಿ ಹಳೇ ಕ್ರಮ: ಯಾರದೇ ಈಡಾದರೂ ಸಮಪಾಲು, ಹೊಡೆದವನಿಗೆ ತೊಡೆ ಒಂದು ಹೆಚ್ಚು. ಆದರೆ ಅವತ್ತೇ ಒಲೆ ಹಚ್ಚುವ ಆಸೆ ಬೇಡ. 2002ರಲ್ಲಿ ಈ ರಾಜ್ಯದ ಜಿಂಕೆಗಳಲ್ಲಿ ಸಿಡಬ್ಲ್ಯುಡಿ ಎಂಬ ಮಿದುಳು ರೋಗ ಕಾಣಿಸಿತು. ಆ ರೋಗ ಇರುವ ಕಡೆ ಹೊಡೆದಿದ್ದರೆ ತಲೆಯನ್ನು ಪರೀಕ್ಷೆಗೆ ಕೊಡಿ. ಬೆನ್ನುಹುರಿ, ಮಿದುಳು ಮುಟ್ಟದೆ ಮೂಳೆ ಬಿಡಿಸಿ. ಹೆಸರು ಬರೆದು ಫ್ರೀಜ್ ಮಾಡಿ. ರೋಗ ಇಲ್ಲ ಎಂಬ ವರದಿ ಬಂದ ದಿನ ಎಲ್ಲರನ್ನೂ ಕರೆಯಿರಿ. ಬೆನ್ನಿನ ಉದ್ದದ ಮಾಂಸಕ್ಕೆ ಹುರಿದು ಕುಟ್ಟಿದ ಕರಿಮೆಣಸು, ಉಪ್ಪು, ಕೊನೆಗೆ ಅರ್ಧ ಚಮಚ ಕಾಚಂಪುಳಿ, ಕೊಡಗಿನ ಕಪ್ಪು ಹುಳಿ. ಬಾಣಲೆ ಚೆನ್ನಾಗಿ ಕಾದಿರಲಿ, ಜಾಸ್ತಿ ಬೇಯಿಸಿದರೆ ಚರ್ಮದ ಹಾಗೆ ಆಗುತ್ತದೆ.