ಡಿಸ್ಚಾರ್ಜ್ ಫೈಲು ಹಿಂದಿನ ಸಂಜೆಯೇ ತಯಾರು: ನನ್ನ ಅನುಭವ

ಡಾಕ್ಟರು ಬೆಳಿಗ್ಗೆ ರೌಂಡ್ಸಲ್ಲಿ ‘ಇವತ್ತು ಮನೆಗೆ ಹೋಗಿ’ ಅಂದರೂ ರೋಗಿ ಹಾಸಿಗೆ ಬಿಡುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ನಮ್ಮ ಆಸ್ಪತ್ರೆ ಸಮೂಹದ ಬೆಂಗಳೂರಿನ ಕಾರ್ಪೊರೇಟ್ ಆಫೀಸಿನಲ್ಲಿ ಇನ್ಶೂರೆನ್ಸ್ ಕ್ಲೇಮುಗಳು ನನ್ನ ಪಾಲಿಗೆ ಬಂದಾಗ ಎಲ್ಲ ಯೂನಿಟ್ಟುಗಳಲ್ಲೂ ಇದೇ ಗೋಳು. 2024ರ ಮೇ ಕೊನೆಗೆ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಸುತ್ತೋಲೆ ಬಂತು: ಕ್ಯಾಶ್‌ಲೆಸ್ (ಬಿಲ್ಲನ್ನು ಇನ್ಶೂರೆನ್ಸ್ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವ) ಕೋರಿಕೆಗೆ ಕಂಪನಿ ಉತ್ತರಿಸಲು ಒಂದು ಗಂಟೆ, ಡಿಸ್ಚಾರ್ಜ್ ಒಪ್ಪಿಗೆಗೆ ಮೂರು ಗಂಟೆ. ಇನ್ನು ಚಿಂತೆಯಿಲ್ಲ ಅಂದರು. ಆದರೆ ಆ ಮೂರು ಗಂಟೆ ಶುರುವಾಗುವುದು ನಾವು ಫೈಲು ಕಳಿಸಿದ ಮೇಲೆ. ಸಮಯದ ಲೆಕ್ಕ ತೆಗೆದು ನೋಡಿದರೆ, ಅರ್ಧಕ್ಕಿಂತ ಹೆಚ್ಚು ತಡ ನಮ್ಮ ಕಟ್ಟಡದೊಳಗೇ ಆಗುತ್ತಿತ್ತು. ಉಳಿದ ಔಷಧಿಯ ಫಾರ್ಮಸಿ ರಿಟರ್ನ್, ಡಿಸ್ಚಾರ್ಜ್ ಸಮ್ಮರಿಗೆ ಸಹಿ, ಕಾಣೆಯಾದ ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಸಾಧನದ) ಸ್ಟಿಕ್ಕರ್.

ಇದಕ್ಕೆ ಮೊದಲು ಸಾಫ್ಟ್‌ವೇರಿಗೆ ಹದಿನೆಂಟು ಲಕ್ಷದಷ್ಟು ಸುರಿದಿದ್ದರು. ಫೈಲು ಎಲ್ಲಿ ನಿಂತಿದೆ ಅಂತ ಅದು ತೋರಿಸಿತು, ಆದರೆ ಮುಂದಕ್ಕೆ ಒಯ್ಯುವವರು ವಾರ್ಡಿನಲ್ಲಿ ಇರಲಿಲ್ಲ. ರಾತ್ರಿ ಪಾಳಿಗೆ ಬಿಲ್ಲಿಂಗ್ ಜನರನ್ನೂ ಹಾಕಿ ನೋಡಿದ್ದರು. ತಿಂಗಳಿಗೆ ಲಕ್ಷದ ಮೇಲೆ ಸಂಬಳ ಹೋಯಿತು. ಆ ಹೊತ್ತಿನಲ್ಲಿ ಸಹಿಗೆ ಡಾಕ್ಟರು ಸಿಗದೆ ಅದೂ ನಿಂತಿತು.

ನಾನು ಟಿಪಿಎ ಹುಡುಗರನ್ನು, ಅಂದರೆ ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕಾಗದಪತ್ರ ನೋಡುವವರನ್ನು, ಕೆಳಗಿನ ಕೌಂಟರಿನಿಂದ ಎಬ್ಬಿಸಿ ನರ್ಸಿಂಗ್ ಸ್ಟೇಷನ್ನಿನಲ್ಲಿ ಕೂರಿಸಿದೆ. ಸಂಜೆ ನಾಲ್ಕಕ್ಕೆ ಮರುದಿನ ಹೊರಡುವವರ ಪಟ್ಟಿ, ಅವತ್ತೇ ತಾತ್ಕಾಲಿಕ ಬಿಲ್ಲು, ಸಮ್ಮರಿ, ಇನ್‌ವಾಯ್ಸ್. ಬೆಳಿಗ್ಗೆ ಸೇರಿಸಲು ಕೊನೆಯ ಔಷಧಿ ಲೆಕ್ಕ ಮಾತ್ರ. ‘ಜ್ವರದ ರೋಗಿ ನಾಳೆ ಹೋಗ್ತಾನೆ ಅಂತ ಇವತ್ತೇ ಹೇಗ್ರೀ ಬರೆಯೋದು?’ ಎಂದು ಫಿಸಿಷಿಯನ್ನರು ಗದರಿದರು. ನ್ಯಾಯವಾದ ಮಾತೇ. ಅದಕ್ಕೇ ಮಂಡಿ ಕೀಲು, ಹರ್ನಿಯಾ, ಪಿತ್ತಕೋಶದಂಥ ದಿನ ಗೊತ್ತಿರುವ ಆಪರೇಷನ್‌ಗಳಿಂದ ಹೊರಟೆ. ಹಾಸಿಗೆ ಬೇಗ ಖಾಲಿಯಾಗತೊಡಗಿದ ಮೇಲೆ ಸರ್ಜನ್ನರೇ ನನ್ನ ಪರ ವಾದಿಸಿದರು.

ಕ್ವೆರಿಗಳ, ಅಂದರೆ ಫೈಲು ನೋಡಿ ಇನ್ಶೂರೆನ್ಸ್ ಕಂಪನಿ ಎತ್ತುವ ಪ್ರಶ್ನೆಗಳ, ಬೇರು ಇನ್ನೊಂದು ಕಡೆ ಇತ್ತು. ಅಡ್ಮಿಷನ್ ನೋಟಿನಲ್ಲಿ ‘ಶುಗರ್ ಎರಡು ವರ್ಷದಿಂದ’, ಸಮ್ಮರಿಯಲ್ಲಿ ‘ಹತ್ತು ವರ್ಷದಿಂದ’. ಕ್ಲೇಮು ಅಲ್ಲಿಗೇ ನಿಂತಿತು. ಹಳೆಯ ಚೀಟಿಗಳನ್ನು ನೋಡಿ ಮೊದಲ ದಿನವೇ ನಿಜ ಬರೆಸಿದೆವು. ಸತತ ಐದು ವರ್ಷ ಪಾಲಿಸಿ ನಡೆಸಿದವರ ಕ್ಲೇಮನ್ನು, ವಂಚನೆ ಸಾಬೀತಾಗದೆ, ರೋಗ ಹೇಳಿಲ್ಲವೆಂದು ತಳ್ಳುವಂತಿಲ್ಲ. ಹಾಗಾಗಿ ಪಾಲಿಸಿ ಶುರುವಾದ ತಾರೀಖು ಮೊದಲ ಪುಟಕ್ಕೇ ಬಂತು. ಯಾವ ಕಂಪನಿಗೆ ಯಾವ ಪುಟ ಮೇಲಿರಬೇಕು ಎಂಬ ಕ್ರಮವೊಂದಿದೆ. ಅದು ನಮ್ಮ ತಂಡದ ಗಳಿಕೆ, ಇಲ್ಲಿ ಬರೆಯುವುದಿಲ್ಲ.

ಹತ್ತರಲ್ಲಿ ನಾಲ್ಕು ಫೈಲಿಗೆ ಬರುತ್ತಿದ್ದ ಕ್ವೆರಿ ಈಗ ಒಂದೋ ಎರಡಕ್ಕೋ ಬರುತ್ತದೆ. ಇನ್ಶೂರೆನ್ಸ್ ಕಂಪನಿಗಳಿಂದ ಬರಬೇಕಾದ ಬಾಕಿ ಒಂಬತ್ತು ಕೋಟಿಯ ಆಸುಪಾಸಿನಿಂದ ಆರಕ್ಕೆ ಇಳಿದಿದೆ. ಒಂದು ರೂಪಾಯಿ ಹೊಸ ಖರ್ಚಿಲ್ಲದೆ, ಇದ್ದ ಜನರಿಂದಲೇ!

ಈ ನಡುವೆ ಮೈಸೂರಿನಲ್ಲಿ ಇನ್ನೊಂದು ಪ್ರಯೋಗ. ಅಡ್ಮಿಷನ್ ಹೊತ್ತಿಗೇ ಮನೆಯವರಿಗೆ ಕನ್ನಡದಲ್ಲಿ ಒಂದು ಹಾಳೆ: ಪಾಲಿಸಿಯ ಮಿತಿ ಮೀರಿದ ರೂಮು ಹಿಡಿದರೆ ರೂಮಿನ ಬಾಡಿಗೆಯಷ್ಟೇ ಅಲ್ಲ, ಡಾಕ್ಟರ ಫೀಸು, ಆಪರೇಷನ್ ಥಿಯೇಟರ್ ಚಾರ್ಜಲ್ಲೂ ಅದೇ ಪ್ರಮಾಣದಲ್ಲಿ ಕಡಿತ ಬರಬಹುದು ಎಂದು. ಓದಿ ಡೀಲಕ್ಸ್ ಬಿಟ್ಟು ಶೇರಿಂಗ್ ರೂಮು ಕೇಳುವವರು ಹೆಚ್ಚಾದರು. ರೂಮಿನ ಆದಾಯ ಕಡಿಮೆಯಾಯಿತೆಂದು ಫೈನಾನ್ಸಿನವರು ತಕರಾರು ತೆಗೆದರು. ಹಾಳೆಯನ್ನು ನಾನು ನಿಲ್ಲಿಸಿಲ್ಲ. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲೂ ಶುರು ಮಾಡುತ್ತೇನೆ.